ಫಾದರನ್ನು ಕರೆಸಲು ಪ್ರಜ್ಞೆ ತಪ್ಪುವವರೆಗೆ ಕಾಯಬೇಕೆ?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕ್ರೈಸ್ತರ ಏಳು ಸಂಸ್ಕಾರಗಳ ಬಗ್ಗೆ ಬಂದ ಲೇಖನ ಓದಿದೆ. ಸ್ನಾನದೀಕ್ಷೆಗೂ ಮದುವೆಗೂ ಧಾರಾಳವಾಗಿ ಜಾಗ ಸಿಕ್ಕಿದೆ, ಚಿತ್ರಗಳೂ ಚೆನ್ನಾಗಿವೆ. ಗುರುಗಳು, ಅಂದರೆ ಫಾದರ್, ಕಾಯಿಲೆಯವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ‘ರೋಗಿಗಳ ಅಭ್ಯಂಗ’ಕ್ಕೆ ಸಿಕ್ಕಿದ್ದು ಮಾತ್ರ ಒಂದೇ ವಾಕ್ಯ: ಅದು ಸಾಯುವವರಿಗೆ ಕೊಡುವ ಸಂಸ್ಕಾರ ಎಂದು. ಲೇಖಕರನ್ನು ದೂರುತ್ತಿಲ್ಲ. ನಮ್ಮ ಕಥೋಲಿಕರ ಮನೆಗಳಲ್ಲಿ ಯಾರನ್ನು ಕೇಳಿದರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಆದರೆ ಈ ಒಂದು ತಿಳಿವಳಿಕೆಯಿಂದ ಹಾಸಿಗೆ ಹಿಡಿದವರಿಗೆ ಆಗುವ ಅನ್ಯಾಯವನ್ನು ಬಹಳ ಹತ್ತಿರದಿಂದ ಕಂಡವಳು ನಾನು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೆ ಕತ್ತರಿಸುವ ಅಧಿಕಾರ ತಮ್ಮದು.

ನಾನು ನಿವೃತ್ತ ನರ್ಸ್. ತೀವ್ರ ನಿಗಾ ಘಟಕದಲ್ಲಿ ದುಡಿಯುತ್ತಲೇ ಕೂದಲು ಬೆಳ್ಳಗಾಯಿತು. ಈಗ ಭಾನುವಾರದ ಬಲಿಪೂಜೆ (ಚರ್ಚಿನ ಮಾಸ್) ಮುಗಿದ ಮೇಲೆ, ಗುರುಗಳ ಅಪ್ಪಣೆಯಂತೆ, ಚರ್ಚಿಗೆ ಬರಲಾಗದವರ ಮನೆಗಳಿಗೆ ಪರಮಪ್ರಸಾದ, ಅಂದರೆ ಆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಒಯ್ಯುತ್ತೇನೆ. ಸನ್ಯಾಸಿನಿಯಲ್ಲದ, ಗಂಡ ಮಕ್ಕಳಿರುವ ನನ್ನಂಥವರಿಗೆ ಈ ಸೇವೆ ಒದಗಿದ್ದು ಪೋಪ್ ಆರನೇ ಪೌಲರ ಕಾಲದಲ್ಲಿ, 1973ರಲ್ಲಿ ಬಂದ ಆದೇಶದಿಂದ. ಹಾಗಾಗಿ ರೋಗಿಯ ಹಾಸಿಗೆಯ ಪಕ್ಕ ಮೊದಲು ಇಂಜೆಕ್ಷನ್ ಹಿಡಿದು ನಿಲ್ಲುತ್ತಿದ್ದವಳು ಈಗ ಪ್ರಾರ್ಥನೆಯ ಪುಸ್ತಕ ಹಿಡಿದು ನಿಲ್ಲುತ್ತೇನೆ.

ಒಂದು ಮನೆಯ ವಿಷಯ ಹೇಳುತ್ತೇನೆ, ಗುರುತು ಬಿಟ್ಟು. ಮನೆಯ ಹಿರಿಯ ಹೆಂಗಸಿಗೆ ಯಕೃತ್ತಿನ ಕ್ಯಾನ್ಸರ್. ನಾನು ಹೋದಾಗಲೆಲ್ಲ ದೊಡ್ಡ ಮಗ ಬಾಗಿಲಲ್ಲೇ ತಡೆಯುತ್ತಿದ್ದ. "ಸಿಸ್ಟರ್, ಪ್ರಸಾದ ಕೊಟ್ಟು ಬೇಗ ಹೊರಡಿ. ಫಾದರ್ ಸುದ್ದಿ ಮಾತ್ರ ಎತ್ತಬೇಡಿ. ಅಮ್ಮ ಹೆದರಿಕೊಂಡುಬಿಡ್ತಾರೆ." ಒಳಗೆ ಹೋದರೆ ಆ ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡು ಕೇಳಿದ್ದು: "ಫಾದರ್‌ಗೆ ನನ್ನ ಮೇಲೆ ಸಿಟ್ಟೇನಮ್ಮ? ಒಂದು ಸಲಾನೂ ಬಂದು ನೋಡ್ಲಿಲ್ಲ." ತಮ್ಮ ಕಾಯಿಲೆ ಏನು, ಎಲ್ಲಿಯವರೆಗೆ ಬಂದಿದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಮಕ್ಕಳು ಹೆದರುತ್ತಾರೆಂದು ಅವರು ಬಾಯಿ ಬಿಟ್ಟಿರಲಿಲ್ಲ, ಅಷ್ಟೆ. ತಾಯಿ ಹೆದರುತ್ತಾರೆಂದು ಮಕ್ಕಳು, ಮಕ್ಕಳು ಹೆದರುತ್ತಾರೆಂದು ತಾಯಿ.

ಮಗನಿಗೆ ಎರಡು ಮಾತು ಹೇಳಿದೆ. "ನೋಡೋಣ ಸಿಸ್ಟರ್" ಎಂದ. ಕೊನೆಗೆ ಫೋನ್ ಹೋದದ್ದು ಉಸಿರು ಮೇಲೆಕೆಳಗಾದಾಗ. ಗುರುಗಳು ಓಡಿಬಂದು ಹಣೆಗೆ ಎಣ್ಣೆ ಹಚ್ಚಿದರು. ಸಂಸ್ಕಾರ ಸಿಂಧುವೇ, ಅದರಲ್ಲಿ ಅನುಮಾನವಿಲ್ಲ. ಪ್ರಜ್ಞೆ ಇದ್ದಿದ್ದರೆ ರೋಗಿ ಕೇಳಿ ಪಡೆಯುತ್ತಿದ್ದರು ಎಂದು ತಿಳಿಯಲು ಕಾರಣವಿದ್ದರೆ ಸಾಕು ಎನ್ನುತ್ತದೆ ಧರ್ಮಸಭೆಯ ಕಾನೂನು. ಆದರೆ ಪಾಪನಿವೇದನೆ ಮಾಡಲು ಅವರಿಗೆ ಮಾತಿರಲಿಲ್ಲ, ಪರಮಪ್ರಸಾದ ನುಂಗಲು ಗಂಟಲು ಕೇಳಲಿಲ್ಲ, ತಮ್ಮ ಹಣೆಯ ಮೇಲೆ ಒಬ್ಬರು ಕೈಯಿಟ್ಟು ಪ್ರಾರ್ಥಿಸಿದ್ದು ತಿಳಿಯಿತೋ ಇಲ್ಲವೋ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಇಂಥದ್ದು ಇದೊಂದೇ ಮನೆಯಲ್ಲ.

ಈ ಸಂಸ್ಕಾರದ ಬೇರು ಬೈಬಲಿನ ಯಕೋಬನ ಪತ್ರದ ಐದನೇ ಅಧ್ಯಾಯದಲ್ಲಿದೆ. ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಿಕೊಳ್ಳಲಿ, ಅವರು ಪ್ರಭುವಿನ ಹೆಸರಿನಲ್ಲಿ ಎಣ್ಣೆ ಹಚ್ಚಿ ಅವನಿಗಾಗಿ ಪ್ರಾರ್ಥಿಸಲಿ, ಪ್ರಭು ಅವನನ್ನು ಎಬ್ಬಿಸುವರು, ಪಾಪ ಮಾಡಿದ್ದರೆ ಕ್ಷಮೆಯೂ ಸಿಗುವುದು ಎಂಬುದು ಅಲ್ಲಿನ ಮಾತಿನ ಸಾರ. ಕರೆಸಿಕೊಳ್ಳುವವನು ಯಾರು ಎಂದು ಗಮನಿಸಬೇಕು. ಮಗನಲ್ಲ, ಸೊಸೆಯಲ್ಲ, ಕಾಯಿಲೆಯವನೇ. ಅಂದರೆ ಅವನಿಗೆ ಮಾತಿದೆ, ಬುದ್ಧಿ ನೆಟ್ಟಗಿದೆ, ಬೇಕುಬೇಡ ಹೇಳುವ ಶಕ್ತಿಯಿದೆ. ಮಾರ್ಕನ ಶುಭಸಂದೇಶದಲ್ಲೂ ಶಿಷ್ಯರು ಎಣ್ಣೆ ಹಚ್ಚಿದ್ದು ರೋಗಿಗಳಿಗೆ, ಅವರು ಗುಣವಾದರು ಎಂದೇ ಬರೆದಿದೆ.

ಮತ್ತೆ ಸಾವಿನ ನಂಟು ಎಲ್ಲಿಂದ ಬಂತು? ಇದನ್ನು ನಮ್ಮ ಗುರುಗಳೊಬ್ಬರಿಂದ ಕೇಳಿ ತಿಳಿದುಕೊಂಡೆ, ಆಮೇಲೆ ಓದಿಯೂ ನೋಡಿದೆ. 416ರಲ್ಲಿ ಪೋಪ್ ಮೊದಲನೇ ಇನ್ನೊಸೆಂಟ್ ಬರೆದ ಪತ್ರವೊಂದನ್ನು ನೋಡಿದರೆ, ಬಿಷಪರು ಆಶೀರ್ವದಿಸಿದ ಎಣ್ಣೆಯನ್ನು ಆಗ ವಿಶ್ವಾಸಿಗಳು ತಾವೇ ತಮ್ಮ ಮನೆಯವರಿಗೆ ಹಚ್ಚುತ್ತಿದ್ದರು. ಮುಂದಿನ ಶತಮಾನಗಳಲ್ಲಿ ಇದು ಗುರುಗಳ ಕೈಗೆ ಬಂದು ಪ್ರಾಯಶ್ಚಿತ್ತದ ಜೊತೆ ಸೇರಿಕೊಂಡಿತು. ಆ ಕಾಲದ ಪ್ರಾಯಶ್ಚಿತ್ತವೆಂದರೆ ಇಂದಿನಂತೆ ನಾಲ್ಕು ಪ್ರಾರ್ಥನೆ ಹೇಳಿ ಮುಗಿಯುವಂಥದ್ದಲ್ಲ. ವರ್ಷಗಟ್ಟಲೆ, ಕೆಲವು ಸಲ ಬದುಕಿಡೀ ಎಳೆಯುವಂಥದ್ದು. ಜನ ಜಾಣರು, ಅದನ್ನು ಮರಣಶಯ್ಯೆಗೆ ಮುಂದೂಡಿದರು. ಪ್ರಾಯಶ್ಚಿತ್ತ ಹೋದಲ್ಲಿಗೆ ಎಣ್ಣೆಯೂ ಹೋಯಿತು. ಮಧ್ಯಯುಗದಲ್ಲಿ ಭಯ ಎಷ್ಟಿತ್ತೆಂದರೆ, ಎಣ್ಣೆ ಹಚ್ಚಿಸಿಕೊಂಡವನು ಅಕಸ್ಮಾತ್ ಬದುಕಿದರೆ ಮಾಂಸ ತಿನ್ನುವಂತಿಲ್ಲ, ಬರಿಗಾಲಲ್ಲಿ ನಡೆಯುವಂತಿಲ್ಲ, ಹೆಂಡತಿಯ ಹತ್ತಿರ ಹೋಗುವಂತಿಲ್ಲ ಎಂದು ಜನ ನಂಬಿದ್ದರು. ಹಾಗೆಲ್ಲ ಏನೂ ಇಲ್ಲ ಎಂದು 13ನೇ ಶತಮಾನದಲ್ಲಿ ಇಂಗ್ಲೆಂಡಿನ ಬಿಷಪರ ಸಭೆಗಳು ಹೇಳಬೇಕಾಯಿತು. ಇಂಥ ನಂಬಿಕೆಯಿದ್ದ ಮೇಲೆ ಯಾವ ಗಂಡಸು ತಾನೇ ಬೇಗ ಕರೆಸಿಯಾನು!

1551ರಲ್ಲಿ ಟ್ರೆಂಟ್ ಎಂಬಲ್ಲಿ ಸೇರಿದ ಬಿಷಪರ ಮಹಾಸಭೆ ಕೂಡ ಇದು ಸಾಯುವವರಿಗೆ ಮಾತ್ರ ಎಂದು ಹೇಳಲಿಲ್ಲ. ಸಾವಿನ ಅಂಚಿನಲ್ಲಿರುವವರಿಗೆ ವಿಶೇಷವಾಗಿ ಎಂದಿತು, ಗುಣವಾಗಿ ಮತ್ತೆ ಅಂಥದೇ ಅಪಾಯ ಬಂದರೆ ಮತ್ತೆ ಪಡೆಯಬಹುದು ಎಂದೂ ಹೇಳಿತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ದೈವಾರಾಧನೆಯ ಕುರಿತ ತನ್ನ ಶಾಸನದಲ್ಲಿ ಇನ್ನಷ್ಟು ಬಿಡಿಸಿ ಹೇಳಿತು: ಕಾಯಿಲೆಯಿಂದಲೋ ಮುಪ್ಪಿನಿಂದಲೋ ಅಪಾಯ ಶುರುವಾದಾಗಲೇ ಇದನ್ನು ಪಡೆಯುವ ತಕ್ಕ ಸಮಯ ಬಂದಾಗಿರುತ್ತದೆ. 1972ರಲ್ಲಿ ಆರನೇ ಪೌಲರು ವಿಧಿಯನ್ನೇ ಹೊಸದಾಗಿ ಕೊಟ್ಟರು. ಅದಾಗಿ ಅರ್ಧ ಶತಮಾನ ಕಳೆಯಿತು. ನಮ್ಮ ಮನೆಗಳಲ್ಲಿ ಮಾತ್ರ ಇನ್ನೂ ಮಧ್ಯಯುಗ.

ಹಾಗಾದರೆ ಯಾರು ಪಡೆಯಬಹುದು? ಗಂಭೀರ ಕಾಯಿಲೆಯವರು, ಅಂಥ ಕಾಯಿಲೆಗಾಗಿ ಶಸ್ತ್ರಚಿಕಿತ್ಸೆಗೆ ಹೋಗುವವರು. ದೊಡ್ಡ ಕಾಯಿಲೆ ಇಲ್ಲದಿದ್ದರೂ ಮುಪ್ಪಿನಿಂದ ತೀರಾ ಬಡಕಲಾದವರು. ತಿಳಿವಳಿಕೆ ಬಂದ ಮಕ್ಕಳೂ ಪಡೆಯಬಹುದು. ನೆಗಡಿ, ಮಂಡಿನೋವಿಗಲ್ಲ. ಹಸುಗೂಸಿಗೂ ಇಲ್ಲ. ಅದರ ಜೀವಕ್ಕೆ ಅಪಾಯವಿದ್ದರೆ ಸ್ನಾನದೀಕ್ಷೆ ಕೊಡುತ್ತಾರೆ, ಗುರುಗಳು ಇದ್ದರೆ ದೃಢೀಕರಣವೆಂಬ ಇನ್ನೊಂದು ಸಂಸ್ಕಾರವನ್ನೂ ಕೊಡಬಹುದು. ಹಾಗೆಯೇ ತೀರಿಕೊಂಡವರಿಗೆ ಇದು ಇಲ್ಲ. ಅವರಿಗಾಗಿ ಪ್ರಾರ್ಥನೆ ಇದೆ. ಉಸಿರು ಹೋಗಿದೆಯೋ ಇದೆಯೋ ಎಂಬ ಸಂಶಯವಿದ್ದಾಗ ಮಾತ್ರ ಕೊಡಬಹುದು. ಆದರೆ ಎಷ್ಟೋ ಮನೆಯವರು ಆ ಸಂಶಯದ ಗಳಿಗೆಯನ್ನೇ ಸರಿಯಾದ ಮುಹೂರ್ತವೆಂದು ತಿಳಿದಿರುವಂತಿದೆ.

ಭಯ ಅರ್ಧಕ್ಕರ್ಧ ಅಲ್ಲೇನು ನಡೆಯುತ್ತದೆಂದು ತಿಳಿಯದೆ ಬರುವುದು. ಆದ್ದರಿಂದ ನಡೆಯುವುದನ್ನು ಇದ್ದ ಹಾಗೇ ಹೇಳುತ್ತೇನೆ. ಹಾಸಿಗೆಯ ಪಕ್ಕ ಒಂದು ಪುಟ್ಟ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಶಿಲುಬೆ, ಮೇಣದ ಬತ್ತಿ. (ಆಕ್ಸಿಜನ್ ಹಾಕಿದ್ದರೆ ದಯವಿಟ್ಟು ಬತ್ತಿ ಹಚ್ಚಬೇಡಿ. ಎಷ್ಟು ಮನೆಗಳಲ್ಲಿ ನಾನೇ ಹೋಗಿ ಆರಿಸಿದ್ದೇನೋ! ಬತ್ತಿ ಉರಿಯದಿದ್ದರೆ ಸಂಸ್ಕಾರಕ್ಕೇನೂ ಕೊರತೆಯಿಲ್ಲ, ಆಕ್ಸಿಜನ್ ಇರುವಲ್ಲಿ ಬೆಂಕಿ ಹೊತ್ತಿಕೊಂಡರೆ ಮನೆಯೇ ಇರುವುದಿಲ್ಲ.) ಗುರುಗಳು ಬಂದು ಶಾಂತಿ ಕೋರಿ, ಸ್ನಾನದೀಕ್ಷೆಯ ನೆನಪಿಗಾಗಿ ತೀರ್ಥ ಚಿಮುಕಿಸುತ್ತಾರೆ. ರೋಗಿ ಪಾಪನಿವೇದನೆ ಮಾಡುವುದಿದ್ದರೆ ಎಲ್ಲರನ್ನೂ ಸ್ವಲ್ಪ ಹೊತ್ತು ಹೊರಗೆ ಹೋಗಿ ಎನ್ನುತ್ತಾರೆ. ಆಗ ಮನೆಯವರ ಮುಖ ನೋಡಬೇಕು. ನಮ್ಮಪ್ಪನಿಗೆ ನಮ್ಮಿಂದ ಮುಚ್ಚಿಡುವಂಥದ್ದೇನಿದೆ ಎಂಬ ಭಾವ. ಇರಲಿ ಬಿಡಿ. ಬಟ್ಟೆ ಬದಲಿಸುವುದಕ್ಕೂ ಇನ್ನೊಬ್ಬರ ಕೈ ಬೇಕಾದ ಮನುಷ್ಯನಿಗೆ ತನ್ನದೆನ್ನುವ ಐದು ನಿಮಿಷ ಸಿಗುವುದೇ ಅಪರೂಪ.

ಆಮೇಲೆ ಎಲ್ಲರೂ ಒಳಗೆ ಬರುತ್ತಾರೆ. ಶುಭಸಂದೇಶದಿಂದ ಒಂದು ಭಾಗ ಓದುವುದುಂಟು. ಅದನ್ನು ಮೊಮ್ಮಗಳಿಂದ ಓದಿಸಿ, ತಪ್ಪುತಪ್ಪಾಗಿ ಓದಿದರೂ ಸರಿ. ಪುಟ್ಟದೊಂದು ಬಿನ್ನಹ ಮಾಲೆ, ಅದಕ್ಕೆ ಮನೆಯವರದೇ ಉತ್ತರ. ನಂತರ ಗುರುಗಳು ಏನೂ ಮಾತನಾಡದೆ ರೋಗಿಯ ತಲೆಯ ಮೇಲೆ ಕೈಯಿಡುತ್ತಾರೆ. ಎಣ್ಣೆ ಇರುವುದು ಹೆಬ್ಬೆರಳು ಗಾತ್ರದ ಲೋಹದ ಡಬ್ಬಿಯಲ್ಲಿ. ಚೆಲ್ಲದಿರಲೆಂದು ಒಳಗೆ ಹತ್ತಿ ತುಂಬಿ ಎಣ್ಣೆ ಹೀರಿಸಿರುತ್ತಾರೆ. ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಬಿಷಪರು ಆಶೀರ್ವದಿಸಿ ಧರ್ಮಕೇಂದ್ರಗಳಿಗೆ (ಊರೂರಿನ ಚರ್ಚುಗಳಿಗೆ) ಹಂಚಿದ ಎಣ್ಣೆ ಅದು. ಗುರುಗಳು ಹತ್ತಿಗೆ ಹೆಬ್ಬೆರಳೊತ್ತಿ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ, ಪವಿತ್ರಾತ್ಮರ ವರಪ್ರಸಾದದಿಂದ ಪ್ರಭು ನಿನಗೆ ನೆರವಾಗಲಿ ಎಂಬರ್ಥದ ಮಾತು ಹೇಳುತ್ತಾರೆ. ಆಮೇಲೆ ಕೈಗಳಿಗೆ ಹಚ್ಚಿ, ಪಾಪದಿಂದ ಬಿಡಿಸಿ ನಿನ್ನನ್ನು ಮೇಲೆಬ್ಬಿಸಲಿ ಎನ್ನುತ್ತಾರೆ. ಎರಡಕ್ಕೂ ರೋಗಿಯೇ ಆಮೆನ್ ಹೇಳಬೇಕು. ಕೈಗೆ ಡ್ರಿಪ್ಸ್ ಸೂಜಿ ಹಾಕಿ ಪ್ಲಾಸ್ಟರ್ ಸುತ್ತಿದ್ದರೆ ಅಂಗೈ ಸಾಕು, ಪ್ಲಾಸ್ಟರಿಗೆ ಎಣ್ಣೆ ತಾಗಿದರೆ ಅಂಟು ಬಿಡುತ್ತದೆ. ಹಳೆಯ ವಿಧಿಯಲ್ಲಿ ಕಣ್ಣು, ಕಿವಿ, ಮೂಗು, ತುಟಿ, ಕೈಕಾಲು ಎಂದು ಹಚ್ಚುತ್ತಾ ಹೋಗುವುದಿತ್ತು. ಈಗ ಹಣೆ, ಕೈ ಅಷ್ಟೇ. ತುರ್ತಿದ್ದರೆ ಹಣೆಗೊಂದೇ ಸಾಕು.

ಅದಾದ ಮೇಲೆ ರೋಗಿಯ ಮುಖ ಹೇಗಿರುತ್ತದೆ ಎಂದು ನನ್ನನ್ನು ಕೇಳುವವರಿದ್ದಾರೆ. ಒಬ್ಬೊಬ್ಬರದು ಒಂದೊಂದು ಥರ. ಹೃದಯದ ಶಸ್ತ್ರಚಿಕಿತ್ಸೆಗೆ ಹೊರಟಿದ್ದ ಒಬ್ಬರು, ಸೂಟ್‌ಕೇಸ್ ಬಾಗಿಲ ಬಳಿ ಇರುವಾಗಲೇ ಕುರ್ಚಿಯಲ್ಲಿ ಕೂತು ಎಣ್ಣೆ ಹಚ್ಚಿಸಿಕೊಂಡರು. ಹಚ್ಚಿಸಿಕೊಂಡು ಗುರುಗಳಿಗೆ ತಾವೇ ಗೇಟಿನವರೆಗೆ ಹೋಗಿ ಬೀಳ್ಕೊಟ್ಟರು. ಗುಣವಾಗಿ ಬಂದು ಈಗ ಗಾಯನವೃಂದದಲ್ಲಿ ಹಾಡುತ್ತಿದ್ದಾರೆ. ಅವರನ್ನು ಕಂಡು ಹುಬ್ಬೇರಿಸಿದವರೂ ಇದ್ದರು, "ಇವರಿಗೆ ಆವಾಗಲೇ ಎಲ್ಲಾ ಮುಗಿಸಿದ್ದರಲ್ಲ?" ಎಂದು. ಎಣ್ಣೆಯಿಂದಲೇ ಗುಣವಾಯಿತೆಂದು ನಾನು ಹೇಳುವುದಿಲ್ಲ, ಅವರೂ ಹೇಳುವುದಿಲ್ಲ. ಆದರೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಡುಗುವ ರೋಗಿಗಳನ್ನು ಸಾಕಷ್ಟು ಕಂಡಿದ್ದೇನೆ. ನಡುಗದೆ ಒಳಗೆ ಹೋಗುವುದೆಂದರೆ ಏನೆಂದು ಗೊತ್ತು.

ಇಲ್ಲೇ ಇನ್ನೊಂದು ಮಾತು. ಪ್ರಾರ್ಥನೆ ಆಯಿತು, ಇನ್ನು ಮಾತ್ರೆ ಬೇಡ ಎನ್ನುವವರು ಸಿಗುತ್ತಾರೆ. ಈ ವಿಧಿಯ ಪೀಠಿಕೆಯಲ್ಲೇ ರೋಗಿ ಕಾಯಿಲೆಯ ವಿರುದ್ಧ ಹೋರಾಡಬೇಕು, ಆರೋಗ್ಯವನ್ನು ಕಾಳಜಿಯಿಂದ ಅರಸಬೇಕು ಎಂದಿದೆ. ಎಣ್ಣೆಯ ಪುಟ್ಟ ಬಾಟಲಿ ತೋರಿಸಿ "ಇದನ್ನೇ ನೀವು ಹಚ್ಚಿಬಿಡಿ ಸಿಸ್ಟರ್, ಫಾದರ್ ಯಾಕೆ?" ಎಂದು ಕೇಳುವ ಮನೆಗಳೂ ಇವೆ. ನಾನು ಹಚ್ಚುವುದಿಲ್ಲ. ಭಕ್ತಿಗಾಗಿ ಇಟ್ಟುಕೊಂಡ ಎಣ್ಣೆ ಬೇರೆ, ಸಂಸ್ಕಾರ ಬೇರೆ. ಪಾಪಕ್ಷಮೆಯೂ ಇದರಲ್ಲಿ ಸೇರಿರುವುದರಿಂದ ಇದನ್ನು ಕೊಡುವ ಅಧಿಕಾರ ಗುರುಗಳಿಗೆ, ಬಿಷಪರಿಗೆ ಮಾತ್ರ. ಗುರುಪಟ್ಟಕ್ಕಿಂತ ಕೆಳಗಿನ ಪಟ್ಟದ ಡೀಕನ್‌ಗೂ ಇಲ್ಲ ಎಂದು 2005ರಲ್ಲಿ ವ್ಯಾಟಿಕನ್ ಮತ್ತೆ ಸ್ಪಷ್ಟಪಡಿಸಿತು. ಗುರುಗಳ ಕೊರತೆ ಇರುವ ಕಡೆ ಇದು ಕಷ್ಟವೇ, ಡೀಕನ್‌ಗಳಿಗಾದರೂ ಅನುಮತಿ ಸಿಕ್ಕರೆ ನನಗೆ ಸಂತೋಷವೇ. ಆದರೆ ಅದನ್ನು ನಾನು ಹಾಸಿಗೆಯ ಪಕ್ಕ ನಿಂತು ತೀರ್ಮಾನಿಸಲಾಗದು.

ನಮ್ಮ ಸಹೋದರ ಸಭೆಗಳನ್ನೂ ನೋಡಿ. ಪ್ರೊಟೆಸ್ಟಂಟರಲ್ಲಿ ಹೆಚ್ಚಿನವರು ದೀಕ್ಷಾಸ್ನಾನ, ಪ್ರಭುಭೋಜನ ಎರಡನ್ನೇ ಸಂಸ್ಕಾರವೆಂದು ಎಣಿಸುತ್ತಾರೆ. ಆದರೂ ಯಕೋಬನ ಮಾತು ಹಿಡಿದು ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಭೆಗಳು ಅವರಲ್ಲೂ ಇವೆ. ಆರ್ಥಡಾಕ್ಸ್ ಸಂಪ್ರದಾಯದಲ್ಲಿ ಏಳು ಮಂದಿ ಗುರುಗಳು ಸೇರಿ ನಡೆಸುವ ದೀರ್ಘ ವಿಧಿಯಿದೆ. ಪವಿತ್ರ ವಾರದ ಬುಧವಾರ ಗಟ್ಟಿಮುಟ್ಟಾದವರೂ ಸಾಲಾಗಿ ನಿಂತು ಎಣ್ಣೆ ಹಚ್ಚಿಸಿಕೊಳ್ಳುವ ರೂಢಿ ಅವರಲ್ಲಿ ಹಲವು ಕಡೆ ಇದೆ. ಅಲ್ಲಿ ಯಾರೂ ಹೆದರಿ ಮನೆಯಲ್ಲಿ ಕೂರುವುದಿಲ್ಲ.

ಸಾಯುವವರಿಗೆಂದೇ ಇರುವುದು ಅಭ್ಯಂಗವಲ್ಲ, ಕೊನೆಯ ಪರಮಪ್ರಸಾದ, ಆ ಪಯಣದ ಬುತ್ತಿ. 325ರ ನಿಸೇಯ ಮಹಾಸಭೆಯೇ ಸಾಯುವವರಿಗೆ ಇದನ್ನು ತಪ್ಪಿಸಬಾರದು ಎಂದು ಆಜ್ಞೆ ಮಾಡಿತ್ತು. ಈ ವಿಧಿಯಲ್ಲಿ ರೋಗಿ ಸ್ನಾನದೀಕ್ಷೆಯ ವಿಶ್ವಾಸಘೋಷಣೆಯನ್ನು ಮತ್ತೆ ಮಾಡುತ್ತಾರೆ. ಮಗುವಾಗಿದ್ದಾಗ ಅಪ್ಪ ಅಮ್ಮ, ಜ್ಞಾನತಂದೆ, ಜ್ಞಾನತಾಯಿ ತಮ್ಮ ಪರವಾಗಿ ಹೇಳಿದ್ದನ್ನು ಈಗ ಸ್ವಂತ ಬಾಯಿಂದ ಹೇಳುವುದು. ಆದರೆ ಬಾಯಿ ಬರಬೇಕಲ್ಲ, ಗಂಟಲು ತೆರೆಯಬೇಕಲ್ಲ. ನರ್ಸ್ ಆಗಿ ಹೇಳುತ್ತೇನೆ: ನುಂಗುವ ಶಕ್ತಿ ಪ್ರಜ್ಞೆಗಿಂತ ಮೊದಲೇ ಹೋಗಬಹುದು. ಮೂಗಿನಲ್ಲಿ ನಳಿಕೆ ಬಿದ್ದ ಮೇಲೆ ಬಾಯಿಗೆ ಏನನ್ನೂ ಹಾಕುವ ಮುನ್ನ ವೈದ್ಯರನ್ನು ಕೇಳಲೇಬೇಕು. ಇನ್ನೂ ಸ್ವಲ್ಪ ನುಂಗಬಲ್ಲವರಿಗೆ ತುಂಡಿನಲ್ಲಿ ತುಂಡು ಮಾಡಿ, ತಲೆಯ ಕಡೆ ಎತ್ತರಿಸಿ ಕೂರಿಸಿ, ಚಮಚದಲ್ಲಿ ನೀರಿನೊಂದಿಗೆ ಕೊಡುತ್ತೇನೆ. ರೊಟ್ಟಿಯ ರೂಪದಲ್ಲಿ ನುಂಗಲಾಗದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರವೂ ಕೊಡಲು ಅವಕಾಶವಿದೆ. ಅದನ್ನು ಗುರುಗಳೊಂದಿಗೆ ಮೊದಲೇ ಮಾತನಾಡಿಕೊಳ್ಳಬೇಕು.

ರಾತ್ರಿಯಿಡೀ ಎಚ್ಚರವಿದ್ದು ನೋಡಿಕೊಂಡ ಸೊಸೆ, "ನಾನು ಈಗಷ್ಟೇ ಏನೋ ತಿಂದೆ, ನನಗೆ ಬೇಡ" ಎಂದು ಹಿಂದೆ ಸರಿಯುತ್ತಾಳೆ. ಅವಳಿಗೆ ನಾನು ಹೇಳುವುದು: ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ನಿಯಮ ರೋಗಿಗಳಿಗೂ ವಯಸ್ಸಾದವರಿಗೂ ಇಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲೇ ಇದೆ. ಕಾನೂನು ಬರೆದವರು ಯಾರೋ ಒಂದು ರಾತ್ರಿಯಾದರೂ ರೋಗಿಯ ಪಕ್ಕ ಎದ್ದು ಕೂತವರೇ ಇರಬೇಕು.

ಗುರುಗಳಲ್ಲೂ ಒಂದು ದೂರು ಇದೆ. ಫೆಬ್ರವರಿ 11ರಂದು ವಿಶ್ವ ರೋಗಿಗಳ ದಿನ. ಅಂದು ಬಲಿಪೂಜೆಯಲ್ಲಿ ವೃದ್ಧರನ್ನೂ ರೋಗಿಗಳನ್ನೂ ಕೂರಿಸಿ ಎಲ್ಲರೆದುರು ಅಭ್ಯಂಗ ಕೊಡುವ ಧರ್ಮಕೇಂದ್ರಗಳಲ್ಲಿ ಜನರ ಭಯ ಕಡಿಮೆಯಾದದ್ದನ್ನು ನೋಡಿದ್ದೇನೆ. ಮಕ್ಕಳೂ ನೋಡುತ್ತಾರೆ, ನೋಡಿದವರು ಮರುವಾರವೂ ಆ ಅಜ್ಜಿಯನ್ನು ಅದೇ ಬೆಂಚಿನಲ್ಲಿ ಕಾಣುತ್ತಾರೆ. ಆದರೆ ಉಳಿದ ವರ್ಷವೆಲ್ಲ ಪ್ರವಚನದಲ್ಲಿ ಈ ವಿಷಯ ಬರುವುದೇ ಇಲ್ಲ. ಮದುವೆಗೆ ಮುಂಚಿನ ತರಬೇತಿಯಲ್ಲಿ ಎಷ್ಟೆಲ್ಲ ಹೇಳಿಕೊಡುತ್ತೀರಿ. ಸುಖದಲ್ಲೂ ಕಾಯಿಲೆಯಲ್ಲೂ ಜೊತೆಗಿರುತ್ತೇನೆ ಎಂದು ಮಾತು ಕೊಟ್ಟವರಿಗೆ, ಆ ಕಾಯಿಲೆ ಬಂದಾಗ ಮೊದಲು ಯಾರಿಗೆ ಫೋನ್ ಮಾಡಬೇಕೆಂದೂ ಒಂದು ಮಾತು ಹೇಳಿ.

ಆಸ್ಪತ್ರೆಯಲ್ಲಿ ಈಗಲೂ ಕೆಲಸದಲ್ಲಿರುವ ನನ್ನ ಕಿರಿಯ ಗೆಳತಿಯರಿಗೆ: ಯಾವ ಧರ್ಮದವರೇ ಆಗಿರಿ, ಗುರುಗಳು ಬಂದಾಗ ಪರದೆ ಎಳೆದು ಹತ್ತು ನಿಮಿಷ ಬಿಟ್ಟುಕೊಡಿ. ಕೈಗವಸು ಹಾಕಬೇಕೆಂದರೆ ಹಾಕಿಸಿ. ಸೋಂಕಿನ ಭಯವಿದ್ದಾಗ ಹತ್ತಿಯ ಕಡ್ಡಿಯಂಥದ್ದರಿಂದಲೂ ಎಣ್ಣೆ ಹಚ್ಚಬಹುದು, ಧರ್ಮಸಭೆಯ ಕಾನೂನು ಒಪ್ಪುತ್ತದೆ. ಕೋವಿಡ್ ಕಾಲದಲ್ಲಿ ಇದು ಗೊತ್ತಿಲ್ಲದೆ ಬಾಗಿಲಿಂದಲೇ ಹಿಂದಕ್ಕೆ ಹೋದವರಿದ್ದಾರೆ.

ಇನ್ನು ಮನೆಯವರಿಗೆ. ಶಸ್ತ್ರಚಿಕಿತ್ಸೆಯ ದಿನಾಂಕ ಗೊತ್ತಾದ ದಿನವೇ ಧರ್ಮಕೇಂದ್ರಕ್ಕೆ ತಿಳಿಸಿ, ಸಾಧ್ಯವಾದರೆ ಆಸ್ಪತ್ರೆಗೆ ಸೇರುವ ಮುಂಚೆ ಮನೆಯಲ್ಲೇ ಮುಗಿಸಿಕೊಳ್ಳಿ. ಆಗಲೇ ಸೇರಿದ್ದರೆ ವಾರ್ಡ್, ಹಾಸಿಗೆ ಸಂಖ್ಯೆ, ಭೇಟಿಯ ಹೊತ್ತು, ರೋಗಿಗೆ ಮಾತು ಬರುತ್ತದೆಯೇ, ನುಂಗಲಾಗುತ್ತದೆಯೇ ಎಂಬಷ್ಟನ್ನು ಫೋನಿನಲ್ಲೇ ಹೇಳಿ. ಎಣ್ಣೆಯ ಡಬ್ಬಿಯ ಜೊತೆ ಪರಮಪ್ರಸಾದವನ್ನೂ ತರಬೇಕೋ ಎಂದು ಗುರುಗಳಿಗೆ ಹೊರಡುವಾಗಲೇ ತಿಳಿದಿರಬೇಕು. ಅದಕ್ಕೂ ಮೊದಲು, ಹೊರಗೆ ನಿಂತು ಪಿಸುಗುಟ್ಟುವ ಬದಲು ಒಳಗೆ ಹೋಗಿ ರೋಗಿಯನ್ನೇ ಕೇಳಿ, "ಫಾದರ್ ಬರಲಾ?" ಎಂದು.

ಇಂತಿ,
ಓದುಗರಲ್ಲೊಬ್ಬಳು, ನಿವೃತ್ತ ಶುಶ್ರೂಷಕಿ